ಲೇಬರ್ ರೂಮ್ ಡ್ರಿಲ್‌ಗೆ ಮೊಬೈಲ್ ಕ್ಯಾಮೆರಾ: ನನ್ನ ಅನುಭವ

ನಾನು ನರ್ಸಿಂಗ್ ಕಾಲೇಜಿನಲ್ಲಿ ಹೆರಿಗೆ ವಿಷಯ ಕಲಿಸುತ್ತೇನೆ. ಅದೇ ಕ್ಯಾಂಪಸ್ಸಿನಲ್ಲಿ ಎಂಬಿಬಿಎಸ್ ಇದೆ, ಫಾರ್ಮ್ ಡಿ (ಔಷಧಶಾಸ್ತ್ರದ ಕೋರ್ಸು) ಇದೆ. ಆದರೆ ಈ ಮಕ್ಕಳೆಲ್ಲ ಮೊದಲ ಸಲ ಸೇರುವುದು ವಾರ್ಡಿನಲ್ಲಿ, ಅದೂ ಎದುರಿಗೆ ರೋಗಿ ಇರುವಾಗ. ಬೇರೆ ಬೇರೆ ವೃತ್ತಿಯವರು ಒಬ್ಬರ ಜೊತೆ ಒಬ್ಬರು, ಒಬ್ಬರಿಂದ ಒಬ್ಬರು ಕಲಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಜಾಗ ಎಲ್ಲಿದೆ? ಮೂರೂ ಕೋರ್ಸಿನವರನ್ನು ಸೇರಿಸಿ ಡ್ರಿಲ್, ಅಂದರೆ ತುರ್ತು ಸಂದರ್ಭದ ಅಣಕು ಅಭ್ಯಾಸ, ಮಾಡಿಸಲು ಶನಿವಾರ ಮಧ್ಯಾಹ್ನ ಖಾಲಿ ಇತ್ತು, ಅದನ್ನೇ ಹಿಡಿದುಕೊಂಡೆ.

ಆರಿಸಿಕೊಂಡ ಕೇಸು, ಹೆರಿಗೆ ಆದ ಮೇಲಿನ ರಕ್ತಸ್ರಾವ. ಇದರಲ್ಲಿ ಒಬ್ಬರೇ ಏನೂ ಮಾಡಲಾಗದು. ಹೊಟ್ಟೆಯ ಮೇಲಿಂದ ಗರ್ಭಕೋಶ ತಿಕ್ಕಬೇಕು, ರಕ್ತನಾಳಕ್ಕೆ ಲೈನ್ ಹಾಕಬೇಕು, ಔಷಧಿ ತರಬೇಕು, ರಕ್ತಕ್ಕೆ ಫೋನ್ ಮಾಡಬೇಕು, ಎಲ್ಲ ಒಟ್ಟಿಗೇ. ಮಂಚದ ಮೇಲೆ ರೋಗಿಯ ಬದಲು ಮ್ಯಾನೆಕಿನ್ ಗೊಂಬೆ, ಕಾಲಿನ ಕಡೆ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನ್. ಡ್ರಿಲ್ ಮುಗಿದ ಕೂಡಲೇ ಎಲ್ಲರೂ ಕೂತು ಅದೇ ವಿಡಿಯೊ ನೋಡುತ್ತೇವೆ.

ಒಂದು ವಿಡಿಯೊದಲ್ಲಿ ಎಂಬಿಬಿಎಸ್ ಇಂಟರ್ನ್ ಹುಡುಗ "ಯಾರಾದ್ರೂ ಆಕ್ಸಿಟೋಸಿನ್ ಹಾಕಿ" ಅಂದ. ಗರ್ಭಕೋಶ ಬಿಗಿಯಾಗಿಸಿ ರಕ್ತ ನಿಲ್ಲಿಸುವ ಔಷಧಿ ಅದು. ಇಬ್ಬರು ನರ್ಸಿಂಗ್ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕದಲಲಿಲ್ಲ. ಅಲ್ಲೇ ವಿಡಿಯೊ ನಿಲ್ಲಿಸಿ, "ಈಗ ಇವರಿಬ್ಬರ ತಲೆಯಲ್ಲಿ ಏನು ಓಡ್ತಿದೆ?" ಅಂತ ಅವನನ್ನೇ ಕೇಳಿದೆ. ಅವನು ಸುಮಾರು ಹೊತ್ತು ಪರದೆ ನೋಡಿ, "ನಾನು ಯಾರಿಗೂ ಹೇಳಲೇ ಇಲ್ಲ ಮೇಡಂ" ಅಂದ. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಅವನಿಗೆ ನಾಟುತ್ತಿರಲಿಲ್ಲ. ಮುಂದಿನ ಡ್ರಿಲ್‌ನಲ್ಲಿ ಒಬ್ಬಳನ್ನು ಹೆಸರು ಹಿಡಿದು ಕರೆದು, "10 ಯೂನಿಟ್ ಐಎಂ (ಸ್ನಾಯುವಿಗೆ) ಕೊಡಿ" ಅಂದ. ಅವಳು ಅದನ್ನೇ ತಿರುಗಿ ಹೇಳಿ, ಕೊಟ್ಟ ಮೇಲೆ "ಕೊಟ್ಟಾಯ್ತು" ಅಂತ ಟೈಮ್ ಕೂಗಿದಳು.

ಅದೇ ವಿಡಿಯೊ ನೋಡುವಾಗ ಫಾರ್ಮ್ ಡಿ ಹುಡುಗಿಯ ಕಣ್ಣು ಬಿದ್ದದ್ದು ಬೇರೆ ಕಡೆ. ಆಕ್ಸಿಟೋಸಿನ್ ಆಂಪೂಲ್‌ಗಳು ಟ್ರೇಯಲ್ಲಿ ಹೊರಗೇ ಇದ್ದವು. "ಇದು 2ರಿಂದ 8 ಡಿಗ್ರಿಯಲ್ಲಿ ಇರಬೇಕಲ್ವಾ?" ಅಂದಳು. ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹೆರಿಗೆಯಾದ 3 ಗಂಟೆಯೊಳಗೆ, ಸುಮಾರು 10 ನಿಮಿಷ ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು ಅನ್ನುವುದನ್ನೂ ಅವಳೇ ವಿವರಿಸಿದಳು. ಅವಳು ಯಾಕೆ ಡ್ರಿಲ್‌ನಲ್ಲಿ ಇರಬೇಕು ಅಂತ ಅವತ್ತಿನಿಂದ ಯಾರೂ ಕೇಳಿಲ್ಲ.

ವಾರದ ಮಧ್ಯೆ ವಾಟ್ಸಾಪ್ ವಾಯ್ಸ್ ಮೆಸೇಜ್. ಕಾಲ್ಪನಿಕ ರೋಗಿಯ ಬಗ್ಗೆ ನರ್ಸಿಂಗ್ ವಿದ್ಯಾರ್ಥಿ ಇಂಟರ್ನ್‌ಗೆ ಒಂದು ನಿಮಿಷದೊಳಗೆ ಎಸ್‌ಬಾರ್ ಎಂಬ ನಾಲ್ಕು ಹಂತದ ಕ್ರಮದ ಪ್ರಕಾರ ರಿಪೋರ್ಟ್ ಮಾಡಬೇಕು: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಮೊದಲ ಎರಡು ಎಲ್ಲರಿಗೂ ಸಲೀಸು. "ಬಿಪಿ 90/60, ಪಲ್ಸ್ 120, ಪ್ಯಾಡ್ ಪೂರ್ತಿ ಒದ್ದೆ" ಅಂತ ಹೇಳಿ ನಿಲ್ಲಿಸಿಬಿಡುತ್ತಾರೆ. "ರಕ್ತಸ್ರಾವ ಜಾಸ್ತಿ ಆಗ್ತಿದೆ ಅನ್ನಿಸುತ್ತೆ, ಈಗಲೇ ಬನ್ನಿ" ಅನ್ನಲು ಬಾಯಿ ಬರುವುದಿಲ್ಲ, ಡಾಕ್ಟರಿಗೆ ನಾವು ಹೇಳೋದಾ ಅನ್ನುವ ಹಿಂಜರಿಕೆ. ಅದಕ್ಕೇ ಉತ್ತರ ಕಳಿಸುವ ಇಂಟರ್ನ್‌ಗೆ ಒಂದು ನಿಯಮ ಇಟ್ಟಿದ್ದೇನೆ. ಕೊನೆಯ ಎರಡು ಬರದಿದ್ದರೆ ಬೈಯುವಂತಿಲ್ಲ, "ನಿಮಗೇನು ಅನ್ನಿಸುತ್ತೆ ಸಿಸ್ಟರ್?" ಅಂತ ಅವನೇ ಕೇಳಬೇಕು.

ಶುರು ಮಾಡುವವರಿಗೆ ಒಂದು ಮಾತು. ನಿಜವಾದ ರೋಗಿಯ ಮುಖ, ಹೆಸರು, ಕೇಸ್ ಶೀಟ್ ಯಾವುದೂ ಫೋನಿಗೆ ಬರಬಾರದು. ವಿದ್ಯಾರ್ಥಿಗಳ ಒಪ್ಪಿಗೆ ಬರವಣಿಗೆಯಲ್ಲಿ ಪಡೆಯಿರಿ, ವಿಡಿಯೊ ಗ್ರೂಪಿಗೆ ಹಾಕಬೇಡಿ, ಚರ್ಚೆ ಮುಗಿದ ಮೇಲೆ ಅವರೆದುರೇ ಡಿಲೀಟ್ ಮಾಡಿ.