ದಾವಣಗೆರೆ ಬಿಸಿಲಲ್ಲಿ ಕರಿ ಬಟ್ಟೆ: ನನ್ನ ಗಾಥಿಕ್ ಉಡುಗೆ ನಾನೇ ಮಾಡಿಕೊಂಡ ಬಗೆ

ಗಾಥಿಕ್ ಉಡುಗೆ ಅಂದರೆ ಇಂಗ್ಲೆಂಡಿನ ಸಂಗೀತದ ಬಳಗದಲ್ಲಿ ಹುಟ್ಟಿದ, ಕಪ್ಪೇ ಮುಖ್ಯವಾದ ಉಡುಗೆ. ಅದು ಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಕಪ್ಪು ಲಿಪ್‌ಸ್ಟಿಕ್. ನನ್ನ ಕೇಳಿದರೆ ಅದು ಕೊನೆಗೆ ಬರಬೇಕಾದ್ದು. ಮೊದಲು ಬಟ್ಟೆ. ಅದರಲ್ಲೂ ದಾವಣಗೆರೆಯಂಥ ಊರಲ್ಲಿ, ಏಪ್ರಿಲ್ ಬಂತೆಂದರೆ 38 ಡಿಗ್ರಿ ದಾಟುವ ಕಡೆ, ಬಟ್ಟೆ ಸರಿ ಇಲ್ಲದಿದ್ದರೆ ಮುಖಕ್ಕೆ ಹಚ್ಚಿದ್ದೂ ನಿಲ್ಲುವುದಿಲ್ಲ. ಎಲ್ಲ ಬೆವರಿನ ಜೊತೆ ಇಳಿದು ಹೋಗುತ್ತದೆ.

ನಾನು ಇಲ್ಲೇ ಹುಟ್ಟಿ ಬೆಳೆದವಳು. ಆಡಿಟರ್ ಒಬ್ಬರ ಆಫೀಸಲ್ಲಿ ಕೆಲಸ. ಕಾಲೇಜಿಂದಲೂ ನನಗೆ ಕಪ್ಪೇ ಇಷ್ಟ. ಬೀರುವಿನಲ್ಲಿ ಈಗ ಇರುವ ಬಟ್ಟೆಗಳಲ್ಲಿ ಜಾಸ್ತಿ ಪಾಲು ಈ ಊರಲ್ಲೇ ಬಣ್ಣ ಹಾಕಿ, ಈ ಊರಲ್ಲೇ ಹೊಲಿಸಿದ್ದು. ಹೊರಗಿನಿಂದ ತರಿಸಿದ್ದು ಕಡಿಮೆ. ಅದಕ್ಕೆ ದುಡ್ಡೊಂದೇ ಕಾರಣ ಅಲ್ಲ.

ಈ ಉಡುಗೆ ಹುಟ್ಟಿದ್ದೇ ಹಾಗೆ, ತಾವೇ ಮಾಡಿಕೊಳ್ಳುವವರ ಕೈಯಲ್ಲಿ. 1970ರ ದಶಕದ ಕೊನೆಗೆ, 80ರ ಶುರುವಿಗೆ ಇಂಗ್ಲೆಂಡಿನಲ್ಲಿ ಪಂಕ್ ಅನ್ನುವ ಬಂಡಾಯದ ರಾಕ್ ಸಂಗೀತದ ಬೆನ್ನಿಗೆ ಕೆಲವು ಬ್ಯಾಂಡ್‌ಗಳು ಬಂದವು. ಜಾಯ್ ಡಿವಿಜನ್ ಮ್ಯಾಂಚೆಸ್ಟರ್ ಕಡೆಯವರು. ಸಿಸ್ಟರ್ಸ್ ಆಫ್ ಮರ್ಸಿ ಲೀಡ್ಸ್‌ನವರು. ಒಂದು ಹತ್ತಿ ಗಿರಣಿಗಳ ಊರು, ಇನ್ನೊಂದು ಉಣ್ಣೆ ಗಿರಣಿಗಳ ಊರು. ಎರಡೂ ಕಡೆ ಗಿರಣಿಗಳ ಒಳ್ಳೆಯ ಕಾಲ ಮುಗಿದಿತ್ತು. ದಾವಣಗೆರೆಗೂ ಕರ್ನಾಟಕದ ಮ್ಯಾಂಚೆಸ್ಟರ್ ಅಂತಲೇ ಹೆಸರಿತ್ತಲ್ವಾ, ಇಲ್ಲಿನ ಹತ್ತಿ ಗಿರಣಿಗಳೂ ಮುಚ್ಚಿದವು. ಆ ಬ್ಯಾಂಡ್‌ಗಳ ಹಾಡು ಕೇಳುವಾಗ ಅವರ ಊರು ನನಗೆ ಪರಊರು ಅನಿಸುವುದಿಲ್ಲ. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಅನ್ನುವ ಕ್ಲಬ್ ಶುರುವಾಯಿತು. ಅಲ್ಲಿಗೆ ಬರುತ್ತಿದ್ದವರು ಹಳೆ ಬಟ್ಟೆ ಕತ್ತರಿಸಿ, ಹರಿದ ಬಲೆ ಕಾಲುಚೀಲವನ್ನು ತೋಳಿಗೆ ಏರಿಸಿಕೊಂಡು ಬರುತ್ತಿದ್ದರು. ಕೈಯಲ್ಲಿ ಇದ್ದದ್ದರಿಂದಲೇ ಮಾಡಿಕೊಳ್ಳುವುದು ಇದರ ಮೂಲ ರೂಢಿ. ನಾನು ಹಿಡಿದದ್ದೂ ಅದೇ ದಾರಿ.

ಬಿಸಿಲಿನ ಮಾತಿಗೆ ಬರೋಣ. "ಕರಿ ಬಟ್ಟೆ ಹಾಕ್ಕಂಡು ಹೆಂಗೆ ತಿರುಗ್ತೀಯವ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಕಪ್ಪು ಬಿಸಿಲನ್ನು ಜಾಸ್ತಿ ಹೀರುತ್ತದೆ, ಅದು ನಿಜ. ಆದರೆ ಹೀರಿದ ಕಾವು ಮೈಗೆ ಮುಟ್ಟುತ್ತದೋ ಇಲ್ಲವೋ ಅನ್ನುವುದು ಬಟ್ಟೆ ಎಷ್ಟು ಸಡಿಲ ಇದೆ ಅನ್ನುವುದರ ಮೇಲಿದೆ. ಮರಳುಗಾಡಿನ ಬೆಡೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅಂತ ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ಸಡಿಲ ನಿಲುವಂಗಿಯಾದರೆ ಕಪ್ಪಾಗಲಿ ಬಿಳಿಯಾಗಲಿ ಚರ್ಮಕ್ಕೆ ಮುಟ್ಟುವ ಕಾವು ಒಂದೇ ಅಂತ ಗೊತ್ತಾಯಿತು. ಕಪ್ಪು ಹೀರಿದ ಹೆಚ್ಚಿನ ಕಾವು ಮೈ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನನ್ನದು ಅಗಲ ತೋಳಿನ ಮಲ್‌ಮಲ್ ನಿಲುವಂಗಿ, ಘೇರು ಜಾಸ್ತಿ ಇರುವ ಉದ್ದ ಲಂಗ. ಮೈಗೆ ಅಂಟುವ ಪಾಲಿಯೆಸ್ಟರ್, ರೆಕ್ಸಿನ್ ಬೇಡವೇ ಬೇಡ. ಸೊಂಟಕ್ಕೆ ಬಿಗಿಯುವ ಬಟ್ಟೆ ಏನಿದ್ದರೂ ನವೆಂಬರ್ ನಂತರ.

ಬಣ್ಣ ಹಾಕುವುದನ್ನು ಕಲಿಸಿದವಳು ಇಲ್ಲೇ ಎಂಜಿನಿಯರಿಂಗ್‌ನಲ್ಲಿ ಟೆಕ್ಸ್‌ಟೈಲ್ ಓದಿದ ಗೆಳತಿ. ಅವಳು ಮೊದಲು ಹೇಳಿದ್ದು: ಕಪ್ಪಿಗೆ ಬಣ್ಣದ ಪುಡಿ ಧಾರಾಳ ಬೇಕು. ಬೇರೆ ಬಣ್ಣಕ್ಕೆ ಒಂದು ಕೆಜಿ ಬಟ್ಟೆಗೆ 20ರಿಂದ 40 ಗ್ರಾಂ ಸಾಕಾದರೆ, ಗಾಢ ಕಪ್ಪಿಗೆ 80 ಗ್ರಾಂವರೆಗೂ ಬೇಕು. ಕೈ ಬಿಗಿ ಹಿಡಿದರೆ ಬರುವುದು ಬೂದು. ಹತ್ತಿಗೆ ನಾನು ಬಳಸುವುದು ರಿಯಾಕ್ಟಿವ್ ಬಣ್ಣ, ಬಣ್ಣದ ನೀರು ಕುದಿಸುವ ಗೋಜಿಲ್ಲದ್ದು. ಮೊದಲು ಬಟ್ಟೆಯನ್ನು ಸೋಪಿನ ಬಿಸಿನೀರಲ್ಲಿ ಕುದಿಸಿ ಗಂಜಿ ತೆಗೆಯಬೇಕು. ಹೊಸ ಬಟ್ಟೆಯ ಗಂಜಿ ಹೋಗದಿದ್ದರೆ ಬಣ್ಣ ಕಲೆ ಕಲೆಯಾಗಿ ಕೂರುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಬಣ್ಣ, ಉಪ್ಪು. ಉಪ್ಪು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ. ಬಟ್ಟೆ ಮುಳುಗಿಸಿ ತಿರುವುತ್ತಾ ಇದ್ದು, ಸ್ವಲ್ಪ ಹೊತ್ತಾದ ಮೇಲೆ ವಾಷಿಂಗ್ ಸೋಡಾ. ಸೋಡಾ ಬಿದ್ದಾಗಲೇ ಬಣ್ಣ ನೂಲನ್ನು ಗಟ್ಟಿಯಾಗಿ ಹಿಡಿಯುವುದು. ಒಂದು ಗಂಟೆಗೂ ಜಾಸ್ತಿ ಬಿಡುತ್ತೇನೆ. ಆಮೇಲೆ ತಣ್ಣೀರು, ಕೊನೆಗೆ ಬಿಸಿನೀರು, ತೊಳೆದ ನೀರು ತಿಳಿಯಾಗುವ ತನಕ. ಪುಡಿ ಕಲೆಸುವಾಗ ಮಾಸ್ಕ್, ಗ್ಲೌಸ್ ಇರಲೇಬೇಕು. ಆ ಪುಡಿ ಉಸಿರಿಗೆ ಹೋದರೆ ಕೆಲವರಿಗೆ ಅಲರ್ಜಿ ಆಗಿ ದಮ್ಮು ಬರುತ್ತದೆ. ಆ ಬಕೆಟ್, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಗಡಸು ಬೋರ್ ನೀರು ಬೇಡ, ನಲ್ಲಿ ನೀರೇ ಇರಲಿ.

ಹೊಲಿದ ಬಟ್ಟೆಗೆ ಬಣ್ಣ ಹಾಕುವವರು ಒಂದು ವಿಷಯ ನೆನಪಿಡಿ. ಹೊಲಿಗೆ ದಾರ ಈಗ ಹೆಚ್ಚಾಗಿ ಪಾಲಿಯೆಸ್ಟರ್. ಅದು ಈ ಬಣ್ಣ ಕುಡಿಯುವುದಿಲ್ಲ. ಬಟ್ಟೆ ಕಪ್ಪಾಗುತ್ತದೆ, ಹೊಲಿಗೆ ಬಿಳಿಯಾಗೇ ಉಳಿಯುತ್ತದೆ. ಅದಕ್ಕೇ ನಾನು ಥಾನಿನ ಬಟ್ಟೆಗೇ ಬಣ್ಣ ಹಾಕಿ ಆಮೇಲೆ ಹೊಲಿಸುತ್ತೇನೆ.

ಇನ್ನೊಂದು ಕಪ್ಪಿದೆ. ಅದು ನನಗೆ ಇನ್ನೂ ಹತ್ತಿರದ್ದು. ಗ್ರಂಧಿಗೆ ಅಂಗಡಿಯಲ್ಲಿ ಅಳಲೆಕಾಯಿ ಸಿಗುತ್ತದೆ, ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪೂ ಸಿಗುತ್ತದೆ. ಅಳಲೆಕಾಯಿ ಪುಡಿ ನೆನೆಸಿದ ನೀರಲ್ಲಿ ಬಟ್ಟೆ ಅದ್ದಿ ಒಣಗಿಸಿದರೆ ಮಾಸಲು ಹಳದಿ ಬರುತ್ತದೆ. ಅದನ್ನು ಅನ್ನಭೇದಿ ಕರಗಿಸಿದ ನೀರಿಗೆ ಇಳಿಸಿದರೆ ಕಣ್ಣೆದುರೇ ಕರ‍್ರಗಾಗುತ್ತದೆ. ಕಾಯಿಯ ಒಗರೂ ಅನ್ನಭೇದಿಯ ಕಬ್ಬಿಣವೂ ಸೇರಿ ಆಗುವ ಕಪ್ಪು ಇದು. ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಜೋಡಿಯಿಂದ. ಅಂಗಡಿ ಕಪ್ಪಿನ ಹಾಗೆ ಮಿರಮಿರ ಅನ್ನುವುದಿಲ್ಲ. ಸ್ವಲ್ಪ ಮಸುಕು, ಒಳಗೆ ಎಲ್ಲೋ ಕಂದು. ಹಳೇ ಕಾಲದ ಯುರೋಪಿನ ಕಪ್ಪು ಶೋಕದ ಉಡುಗೆಯ ಆ ಗುಣ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಕಬ್ಬಿಣ ಜಾಸ್ತಿಯಾದರೆ ವರ್ಷಗಳು ಕಳೆದಂತೆ ನೂಲು ಜೀರ್ಣವಾಗುತ್ತದೆ. ಹಾಗಾಗಿ ಅನ್ನಭೇದಿ ಕಡಿಮೆ ಹಾಕಿ, ಚೆನ್ನಾಗಿ ಜಾಲಿಸಬೇಕು.

ಹೊಲಿಗೆಗೆ ನಾನು ಹೋದದ್ದು ಸೀರೆ ಬ್ಲೌಸ್ ಹೊಲಿಯುವ ಮಾಸ್ಟರ್ ಹತ್ತಿರ. ಕಾರ್ಸೆಟ್, ಅಂದರೆ ಎದೆಯಿಂದ ಸೊಂಟದ ತನಕ ದಾರದಿಂದ ಬಿಗಿಯುವ ಉಡುಪು, ಅದೇನೋ ದೂರದ ವಿದ್ಯೆ ಅಂದುಕೊಳ್ಳುತ್ತೇವೆ. ಆದರೆ ಪ್ರಿನ್ಸೆಸ್ ಕಟ್ ಬ್ಲೌಸ್ ಹೊಲಿಯುವವರಿಗೆ ಹೆಣ್ಣುಮಕ್ಕಳ ಮೈಕಟ್ಟು ಗೊತ್ತಿರುವಷ್ಟು ಯಾವ ರೆಡಿಮೇಡ್ ಕಂಪನಿಗೂ ಗೊತ್ತಿಲ್ಲ. ನಾನು ಚಿತ್ರ ತೋರಿಸಿದೆ. ಮಾಸ್ಟರ್ ನೋಡಿ, "ಇದು ಸೊಂಟದ ತನಕ ಇಳಿಸಿದ ಬ್ಲೌಸ್ ಅಲ್ವೇನಮ್ಮಾ? ಹಿಂದೆ ಡೋರಿ ಒಂದರ ಬದಲು ಸಾಲಾಗಿ ಕೊಟ್ಟರಾಯ್ತು" ಅಂದರು. ಅಷ್ಟೇ. ಕ್ಯಾನ್ವಾಸ್ ಕೊಟ್ಟು, ಒಳಗೆ ಹತ್ತಿ ಲೈನಿಂಗ್ ಹಾಕಿ, ಹಿಂದೆ ಡೋರಿ ಪೋಣಿಸಲು ಐಲೆಟ್ ಬಳೆಗಳನ್ನು ಹೊಡೆದು ಹೊಲಿದುಕೊಟ್ಟರು. ಉಸಿರು ಕಟ್ಟುವ ಹಾಗೆ ಬಿಗಿಯಲು ಅವರೂ ಒಪ್ಪಲಿಲ್ಲ, ನನಗೂ ಬೇಡವಾಗಿತ್ತು. ಉದ್ದ ಕೋಟು ಬೇಕಾದವರು ಕೋರ್ಟಿಗೆ ಹೋಗುವ ವಕೀಲರು ಎಲ್ಲಿ ಹೊಲಿಸುತ್ತಾರೆ ಅಂತ ಕೇಳಿ. ಕಪ್ಪು ಬಟ್ಟೆಯಲ್ಲಿ ದಿನವೂ ಕೈಯಾಡಿಸುವವರು ಆ ಟೈಲರ್‌ಗಳು. ಕಪ್ಪಿಗೆ ಕಪ್ಪು ದಾರ ಹೊಂದಿಸುವ ಕಣ್ಣು ಅವರಿಗಿದೆ.

ಚಳಿಗಾಲಕ್ಕೆ ನನ್ನ ಪ್ರೀತಿಯದು ಚಳ್ಳಕೆರೆ ಕಡೆಯ ಕರಿ ಕಂಬಳಿ. ಕರಿ ಕುರಿಯ ಉಣ್ಣೆ, ಬಣ್ಣವೇ ಹಾಕದ ಕಪ್ಪು. ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ. ಮಳೆ ಬಂದಾಗ ಕುರಿ ಕಾಯುವವರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆ ಮೇಲಿಂದ ಹಾಕಿಕೊಳ್ಳುತ್ತಾರಲ್ಲ, ನಾನೂ ಹಾಗೇ ಹಾಕಿಕೊಳ್ಳುತ್ತೇನೆ. ಹೊರದೇಶದ ಗಾಥಿಕ್ ಅಂಗಡಿಗಳು ಟೋಪಿ ಇರುವ ಉದ್ದ ಕ್ಲೋಕ್ ಅಂತ ದುಬಾರಿ ಬೆಲೆಗೆ ಮಾರುವುದು ಇಂಥದ್ದನ್ನೇ. ಚಿತ್ರದುರ್ಗದ ಕೋಟೆ ಮೇಲೆ ಡಿಸೆಂಬರ್ ಗಾಳಿಗೆ ಇದನ್ನು ಹೊದ್ದು ಫೋಟೋ ತೆಗೆಸಿಕೊಂಡಿದ್ದೇನೆ. ಆ ಬಂಡೆಗಳ ಎದುರು ಆ ಕಪ್ಪು ನಿಲ್ಲುವ ರೀತಿ ಬೇರೆ ಯಾವ ಬಟ್ಟೆಗೂ ಇಲ್ಲ. ಉಣ್ಣೆ ಚುಚ್ಚುತ್ತದೆ, ಒಳಗೆ ಕುತ್ತಿಗೆಗೆ ಹತ್ತಿ ಬಟ್ಟೆ ಇರಲಿ. ಕಂಬಳಿಯನ್ನು ಕತ್ತರಿಸಿ ಹೊಲಿಸಲು ಮಾತ್ರ ಹೋಗಲಿಲ್ಲ. ಅದು ಪೂಜೆಗೆ ಹಾಸುವ ವಸ್ತು. ಕತ್ತರಿ ಹಾಕಲು ಮನಸ್ಸು ಬರಲಿಲ್ಲ.

ಬೆಳ್ಳಿ ಒಡವೆಗೆ ಲಂಬಾಣಿ ಹೆಣ್ಣುಮಕ್ಕಳು ಮಾರುವ ಕಪ್ಪಿಟ್ಟ ಬಳೆ, ಸರ ತಗೊಳ್ಳುತ್ತೇನೆ, ಚೌಕಾಸಿ ಮಾಡದೆ. ಅವರ ಪೂರ್ತಿ ಉಡುಗೆಯನ್ನು ವೇಷದ ಹಾಗೆ ತೊಡುವುದು ನನಗೆ ಸರಿ ಕಾಣುವುದಿಲ್ಲ.

ಮನೆಯಲ್ಲಿ ದೊಡ್ಡ ಚರ್ಚೆ ಆದದ್ದು ಚಿಕ್ಕಪ್ಪನ ಮಗಳ ಮದುವೆಗೆ. "ಶುಭಕಾರ್ಯಕ್ಕೆ ಕರಿ ಬಟ್ಟೆ ಉಟ್ಕಂಡು ಬರ್ತೀಯೇನೇ?" ಅಂದರು ಅಜ್ಜಿ. "ನಿನ್ನ ಕೊಳ್ಳಾಗಿನ ಕರಿಮಣಿ ಕರೀದೇ ಅಲ್ವಾ ಅಜ್ಜಿ?" ಅಂದೆ. ಅಜ್ಜಿ ತಡಮಾಡಲಿಲ್ಲ. "ಕರಿಮಣಿ ಮಗ್ಗುಲಿಗೆ ಬಂಗಾರ ಐತಲ್ಲೇ" ಅಂದರು. ಆ ಮಾತು ನನಗೆ ಹಿಡಿಸಿತು. ಆ ಮದುವೆಗೆ ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟೆ, ಕಪ್ಪು ಒಡಲು, ಕುಂಕುಮ ಬಣ್ಣದ ಅಂಚು. ಅಂದಿನಿಂದ ನನ್ನ ಬಟ್ಟೆಗಳಲ್ಲಿ ಎಲ್ಲೋ ಒಂದು ಎಳೆ ಕೆಂಪು ಇಲ್ಲವೇ ಮಾಸಲು ಚಿನ್ನ ಬರುತ್ತಿದೆ. ಕಪ್ಪು ಅದರಿಂದ ಇನ್ನಷ್ಟು ಆಳ ಕಾಣುತ್ತದೆ.

ಕಾಡಿಗೆ ಮಾಡುವುದನ್ನು ಕಲಿಸಿದ್ದೂ ಅಜ್ಜಿಯೇ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ನೆನೆಸಿ ನೆರಳಲ್ಲಿ ಒಣಗಿಸಿ ಬತ್ತಿ ಮಾಡಬೇಕು. ಹರಳೆಣ್ಣೆ ದೀಪ ಹಚ್ಚಿ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಕಪ್ಪು ಕಟ್ಟಿರುತ್ತದೆ. ಅದನ್ನು ಕೆರೆದು ಬೆಣ್ಣೆಯಲ್ಲೋ ಹರಳೆಣ್ಣೆಯಲ್ಲೋ ಕಲೆಸುವುದು. ನಮ್ಮ ಸೆಕೆಗೆ ಬೆಣ್ಣೆ ಕರಗುತ್ತದೆ, ಹರಳೆಣ್ಣೆ ವಾಸಿ. ಇದನ್ನು ನಾನು ರೆಪ್ಪೆಯ ಹೊರಗೆ ಮಾತ್ರ ಬೆರಳಲ್ಲಿ ತೀಡುತ್ತೇನೆ, ಕಣ್ಣೊಳಗೆ ಇಲ್ಲ. ಹೊಗೆ ಹರಡಿದ ಹಾಗಿನ ಕಣ್ಣು ಇದರಲ್ಲಿ ಬಂದಷ್ಟು ಚೆನ್ನಾಗಿ ಪೆನ್ಸಿಲ್‌ನಲ್ಲಿ ಬರುವುದಿಲ್ಲ. ಸಂತೆಯಲ್ಲಿ ಬಿಡಿಯಾಗಿ ಮಾರುವ ಸುರ್ಮಾ ಮಾತ್ರ ಬೇಡ. ಅದರಲ್ಲಿ ಸೀಸದ ಅದಿರು ಇರುವುದುಂಟು.

ಮುಖಕ್ಕೆ ಬಿಳಿ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಂದು ಬಣ್ಣದ ಮೇಲೆ ಕಪ್ಪು, ನೇರಳೆ ಹಣ್ಣಿನ ಬಣ್ಣ, ಒಣಗಿದ ರಕ್ತದಂಥ ಕೆಂಪು ಎಷ್ಟು ಚೆನ್ನಾಗಿ ಕೂರುತ್ತವೆ ಗೊತ್ತಾ? ಬಿಳಿ ಮುಖವೇ ಗಾಥಿಕ್ ಅನ್ನುವ ಮಾತನ್ನು ಬಿಟ್ಟುಬಿಡಿ. ಕಪ್ಪು ಲಿಪ್‌ಸ್ಟಿಕ್‌ಗೆ ಮೊದಲು ಪೆನ್ಸಿಲ್‌ನಲ್ಲಿ ಅಂಚು, ಆಮೇಲೆ ತೆಳುವಾಗಿ ಒಂದು ಪದರ, ಟಿಶ್ಯೂ ಒತ್ತಿ ಎಣ್ಣೆ ತೆಗೆದು ಇನ್ನೊಂದು ತೆಳು ಪದರ. ಒಂದೇ ಸಲ ದಪ್ಪ ಹಚ್ಚಿದರೆ ಮಧ್ಯಾಹ್ನ ಊಟಕ್ಕೆ ಮೊದಲೇ ಹರಡುತ್ತದೆ.

ಮೇಕಪ್ ಸಾಮಾನನ್ನು ಚಿಕ್ಕ ಸ್ವತಂತ್ರ ಬ್ರಾಂಡ್‌ಗಳಿಂದ ಕೊಳ್ಳುವುದು ನನಗೆ ಇಷ್ಟ. ಕೂದಲ ಬಣ್ಣ, ಮೇಕಪ್ ಮಾರುವ ಮ್ಯಾನಿಕ್ ಪ್ಯಾನಿಕ್ ಶುರುವಾದದ್ದು 1977ರಲ್ಲಿ, ನ್ಯೂಯಾರ್ಕಿನಲ್ಲಿ ಅಕ್ಕತಂಗಿಯರಿಬ್ಬರ ಒಂದು ಅಂಗಡಿಯಿಂದ. ಇಂಗ್ಲೆಂಡಿನ ಇಲ್ಲಮಾಸ್ಕ್ವಾ ಅನ್ನುವ ಮೇಕಪ್ ಬ್ರಾಂಡ್ ಸೋಫಿ ಲ್ಯಾಂಕಾಸ್ಟರ್ ಹೆಸರಿನ ಪ್ರತಿಷ್ಠಾನದ ಜೊತೆ ನಿಂತಿತು. ಸೋಫಿ ಇಪ್ಪತ್ತರ ಹುಡುಗಿ. ಗಾಥಿಕ್ ಉಡುಗೆ ತೊಟ್ಟಿದ್ದಳು ಅನ್ನುವ ಕಾರಣಕ್ಕೆ 2007ರಲ್ಲಿ ಅವಳನ್ನು ಹೊಡೆದು ಸಾಯಿಸಿದರು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಉಡುಗೆಯವರ ಮೇಲಿನ ಹಲ್ಲೆಯನ್ನು ದ್ವೇಷದ ಅಪರಾಧ ಅಂತ ದಾಖಲಿಸಲು ಶುರು ಮಾಡಿದರು. ರಸ್ತೆಯಲ್ಲಿ ನನಗೂ ಮಾತು ಬೀಳುತ್ತದೆ. ಆಗೆಲ್ಲ ಅವಳ ನೆನಪಾಗುತ್ತದೆ. ಅದಕ್ಕೇ ಯಾರಾದರೂ ಚಿಕ್ಕ ಹುಡುಗಿ ಹೊಸದಾಗಿ ಕರಿ ಬಟ್ಟೆ ಹಾಕಿ ಬಂದರೆ ಅವಳ ಜೊತೆ ಮನೆ ತನಕ ನಡೆಯುತ್ತೇನೆ.

ಚಿಕ್ಕ ಬ್ರಾಂಡ್ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳಬಾರದು. ನಮ್ಮ ದೇಶದಲ್ಲಿ ತಯಾರಾದದ್ದಾದರೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಬಳಸಬಹುದಾದ ಕೊನೆ ದಿನಾಂಕ ಪ್ಯಾಕಿನ ಮೇಲೆ ಇರಬೇಕು. ಕಪ್ಪು ಬಣ್ಣಕ್ಕೆ ಪದಾರ್ಥಗಳ ಪಟ್ಟಿಯಲ್ಲಿ ಸಿಐ 77499 ಅನ್ನುವ ಬಣ್ಣದ ಸಂಕೇತ ಸಂಖ್ಯೆ ಕಂಡರೆ ಅದು ಕಬ್ಬಿಣದ ಆಕ್ಸೈಡ್, ತುಟಿಗೂ ಕಣ್ಣಿಗೂ ಬಳಸುವಂಥದ್ದು. ಕೆಲವು ಗಾಢ ಕೆಂಪು, ನೇರಳೆ ಪುಡಿಗಳ ಮೇಲೆ ಕಣ್ಣಿನ ಸುತ್ತ ಬೇಡ ಅಂತ ಬರೆದಿರುತ್ತಾರೆ. ಓದಿ. ಕ್ರಾಫ್ಟ್ ಅಂಗಡಿಯ ಮಿನುಗು ಪುಡಿ ಕಣ್ಣಿನ ಹತ್ತಿರಕ್ಕೂ ತರಬೇಡಿ. ಹೊರದೇಶದಿಂದ ತರಿಸುವುದಾದರೆ ಸಾಮಾನಿನ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಆರ್ಡರ್ ಬಂದ ಮೇಲೆ ಬಟ್ಟೆ ಹೊಲಿಯುವ ಚಿಕ್ಕ ಬ್ರಾಂಡ್‌ನವರಾದರೆ ವಾರಗಟ್ಟಲೆ ಕಾಯಬೇಕು. ಹಬ್ಬದ ಹಿಂದಿನ ವಾರ ಆರ್ಡರ್ ಕೊಟ್ಟು ಅವರನ್ನು ಬೈಯಬಾರದು.

ಕರಿ ಬಟ್ಟೆ ಒಗೆಯುವಾಗ ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಲ್ಲಿ ಅಂಟುವಾಳಕಾಯಿ ನೊರೆಗೆ ಹಾಕಿ, ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ನೇರವಾಗಿ ಹಾಕಿದರೆ ಎಂಥ ಕಪ್ಪೂ ಬೇಗ ಮಾಸುತ್ತದೆ. ಮಾಸಿದ್ದನ್ನು ಎಸೆಯಬೇಡಿ. ಅರ್ಧ ಬಣ್ಣದ ಪುಡಿ ಹಾಕಿ ಇನ್ನೊಮ್ಮೆ ಮುಳುಗಿಸಿದರೆ ಮತ್ತೆ ಕೆಲವು ವರ್ಷ ಬರುತ್ತದೆ.