ಜಾಬ್ ಎಲ್ಲಿ ನಿಂತಿದೆ? ಯೂನಿಕ್ಸ್‌ನಲ್ಲಿ ನೆಟ್‌ವರ್ಕ್ ಪ್ರಿಂಟರ್ ಜೊತೆ ನನ್ನ ಅನುಭವ

"ಪ್ರಿಂಟ್ ಬರ್ತಿಲ್ಲ" ಅಂತ ಯಾರಾದರೂ ಹೇಳಿದ ಕೂಡಲೇ ಹೆಚ್ಚಿನವರು ಪ್ರಿಂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಹೊಸದಾಗಿ ಸೇರಿಸುತ್ತಾರೆ. ಕೆಲವೊಮ್ಮೆ ಸರಿಹೋಗುತ್ತದೆ, ನಿಜ. ಆದರೆ ಯಾಕೆ ಕೆಟ್ಟಿತ್ತು ಅನ್ನುವ ಸುಳಿವೂ ಅದರ ಜೊತೆಗೇ ಅಳಿಸಿ ಹೋಗುತ್ತದೆ. ಸ್ವಲ್ಪ ದಿನಕ್ಕೆ ಅದೇ ತೊಂದರೆ ಮತ್ತೆ ತಲೆ ಎತ್ತುತ್ತದೆ. ಲಿನಕ್ಸ್, ಫ್ರೀಬಿಎಸ್‌ಡಿ ಎನ್ನುವ ಯೂನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್ ಇರುವ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ, ಪ್ರಿಂಟರ್‌ಗಳೂ ಅದರ ಜೊತೆಗೇ ಬಂದಿವೆ. ನಾನು ಬಿಡದೆ ಪಾಲಿಸುವುದು ಒಂದೇ: ಕಳಿಸಿದ ಜಾಬ್ (ಪ್ರಿಂಟ್‌ಗೆ ಕೊಟ್ಟ ಕೆಲಸ) ದಾರಿಯಲ್ಲಿ ಎಲ್ಲಿ ನಿಂತಿದೆ ಅಂತ ಗೊತ್ತಾಗುವ ತನಕ ಏನನ್ನೂ ಮುಟ್ಟುವುದಿಲ್ಲ.

ಆ ದಾರಿ ಉದ್ದವೇನಲ್ಲ. ಪ್ರಿಂಟ್ ಒತ್ತಿದಾಗ ಪ್ರೋಗ್ರಾಂ ಫೈಲನ್ನು ಕ್ಯೂಗೆ, ಅಂದರೆ ಜಾಬ್‌ಗಳ ಸರದಿ ಸಾಲಿಗೆ, ಕೊಡುತ್ತದೆ. ಕ್ಯೂ ಅದನ್ನು ಡಿಸ್ಕ್‌ನಲ್ಲಿ, ಸ್ಪೂಲ್ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಫಿಲ್ಟರ್‌ಗಳು ಅದನ್ನು ಪ್ರಿಂಟರ್‌ಗೆ ತಿಳಿಯುವ ರೂಪಕ್ಕೆ ತಿರುಗಿಸುತ್ತವೆ. ಅದು ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಎನ್ನುವ ಪ್ರಿಂಟರ್ ಭಾಷೆ ಇರಬಹುದು, ಪಿಡಿಎಫ್ ಅಥವಾ ರಾಸ್ಟರ್ (ಚುಕ್ಕಿಗಳ ಚಿತ್ರ) ಇರಬಹುದು. ಕೊನೆಗೆ ಬ್ಯಾಕೆಂಡ್ ಎನ್ನುವ ಚಿಕ್ಕ ಪ್ರೋಗ್ರಾಂ ಅದನ್ನು ನೆಟ್‌ವರ್ಕ್ ಮೇಲೆ ಪ್ರಿಂಟರ್‌ಗೆ ಮುಟ್ಟಿಸುತ್ತದೆ. ಕ್ಯೂ, ಫಿಲ್ಟರ್, ಬ್ಯಾಕೆಂಡ್, ಪ್ರಿಂಟರ್. ಹುಡುಕಬೇಕಾದ ಜಾಗ ಈ ನಾಲ್ಕೇ.

ಇವತ್ತು ಬಹುತೇಕ ಯೂನಿಕ್ಸ್‌ಗಳಲ್ಲಿ ಈ ಕೆಲಸ ಮಾಡುವುದು ಕಪ್ಸ್ ಎನ್ನುವ ಪ್ರಿಂಟಿಂಗ್ ವ್ಯವಸ್ಥೆ. ಮೈಕೆಲ್ ಸ್ವೀಟ್ ಇದನ್ನು 1997ರಲ್ಲಿ ಶುರು ಮಾಡಿದರು, 1999ರಲ್ಲಿ ಹೊರಗೆ ಬಂತು. 2002ರಲ್ಲಿ ಆಪಲ್ ಇದನ್ನೇ ಮ್ಯಾಕ್ ಓಎಸ್ ಎಕ್ಸ್ 10.2ರ ಒಳಗೆ ಹಾಕಿತು. ಅದಕ್ಕೂ ಮುಂಚೆ ಎರಡು ಬಗೆ ಇದ್ದವು. ಬರ್ಕ್ಲಿ ಯೂನಿಕ್ಸ್‌ನವರು ಪ್ರಿಂಟ್ ಕಳಿಸಲು ಎಲ್‌ಪಿಆರ್, ಕ್ಯೂ ನೋಡಲು ಎಲ್‌ಪಿಕ್ಯೂ ಕಮಾಂಡ್ ಬಳಸುತ್ತಿದ್ದರು. ಸಿಸ್ಟಮ್ ಫೈವ್ ಎನ್ನುವ ಇನ್ನೊಂದು ಯೂನಿಕ್ಸ್‌ನವರು ಅದೇ ಕೆಲಸಗಳಿಗೆ ಎಲ್‌ಪಿ, ಎಲ್‌ಪಿಸ್ಟ್ಯಾಟ್ ಬಳಸುತ್ತಿದ್ದರು. ಕಪ್ಸ್ ಎರಡೂ ಕಡೆಯ ಕಮಾಂಡ್‌ಗಳನ್ನು ಉಳಿಸಿಕೊಂಡಿತು. ಫ್ರೀಬಿಎಸ್‌ಡಿಯಲ್ಲಿ ಇದೇ ಒಂದು ಗೊಂದಲಕ್ಕೆ ದಾರಿ. ಮೂಲ ಸಿಸ್ಟಮ್ಮಿನ ಹಳೆಯ ಎಲ್‌ಪಿಆರ್ ಒಂದು ಫೋಲ್ಡರ್‌ನಲ್ಲಿರುತ್ತದೆ, ಕಪ್ಸ್ ಜೊತೆ ಬಂದ ಎಲ್‌ಪಿಆರ್ ಲೋಕಲ್ ಫೋಲ್ಡರ್‌ನಲ್ಲಿರುತ್ತದೆ. ಪಾತ್‌ನಲ್ಲಿ, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಮೊದಲು ಸಿಕ್ಕಿದ್ದು ಓಡುತ್ತದೆ. ಕಪ್ಸ್‌ನಲ್ಲಿ ಕ್ಯೂ ಸರಿಯಾಗಿಯೇ ಇದ್ದರೂ "ಅನ್‌ನೋನ್ ಪ್ರಿಂಟರ್" ಅಂತ ಬಂದರೆ ನಾನು ಮೊದಲು ವಿಚ್ ಕಮಾಂಡ್ ಹಾಕಿ ಯಾವ ಎಲ್‌ಪಿಆರ್ ಓಡುತ್ತಿದೆ ಅಂತ ನೋಡುತ್ತೇನೆ.

ಹೊಸ ಪ್ರಿಂಟರ್ ಬಂದಾಗ ಕಂಪ್ಯೂಟರ್ ಮುಂದೆ ಕೂರುವ ಮೊದಲು ಪ್ರಿಂಟರ್ ಹತ್ತಿರ ಹೋಗುತ್ತೇನೆ. ಅದರ ಮೆನುವಿನಿಂದ ಕಾನ್ಫಿಗರೇಶನ್ ಪೇಜ್ ಪ್ರಿಂಟ್ ತೆಗೆಯುತ್ತೇನೆ. ಐಪಿ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ), ಮ್ಯಾಕ್ ಅಡ್ರೆಸ್ (ಆ ಯಂತ್ರದ್ದೇ ಗುರುತಿನ ನಂಬರ್), ಯಾವ ಪ್ರೋಟೋಕಾಲ್‌ಗಳು ಆನ್ ಇವೆ, ಎಲ್ಲ ಆ ಹಾಳೆಯಲ್ಲಿ ಇರುತ್ತದೆ. ಆ ಹಾಳೆ ಚೆನ್ನಾಗಿ ಬಂತು ಅಂದರೆ ಪೇಪರ್, ಟೋನರ್, ಯಂತ್ರ ಸರಿ ಇವೆ ಅಂತಲೂ ಆಯಿತು. ಆಮೇಲೆ ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್‌ನಲ್ಲಿ ಆ ಮ್ಯಾಕ್ ಅಡ್ರೆಸ್‌ಗೆ ಒಂದು ಐಪಿಯನ್ನು ಕಾಯ್ದಿರಿಸಿ, ಹೆಸರನ್ನು ಐಪಿಗೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಅದಕ್ಕೊಂದು ಹೆಸರು ಕೊಡುತ್ತೇನೆ. ಕ್ಯೂ ಮಾಡುವಾಗ ಬಳಸುವುದು ಆ ಹೆಸರನ್ನೇ. ನಿನ್ನೆ ತನಕ ಬರುತ್ತಿದ್ದ ಪ್ರಿಂಟ್ ಇವತ್ತು ದಿಢೀರ್ ನಿಲ್ಲಲು ಐಪಿ ಬದಲಾಗಿರುವುದೇ ಎಷ್ಟೋ ಸಲ ಕಾರಣ. ಈ ಒಂದು ಕೆಲಸ ಮಾಡಿಟ್ಟರೆ ಅದು ಮತ್ತೆ ಬರುವುದಿಲ್ಲ.

ನೆಟ್‌ವರ್ಕ್ ನೋಡಲು ಪಿಂಗ್ (ಆ ಕಡೆಯ ಯಂತ್ರ ಉತ್ತರ ಕೊಡುತ್ತದಾ ಅಂತ ನೋಡುವ ಕಮಾಂಡ್) ಸಾಲದು. ಪಿಂಗ್ ಹೋಗುತ್ತದೆ, ಡೇಟಾ ಒಳಗೆ ಹೋಗುವ ಬಾಗಿಲಾದ ಪೋರ್ಟ್ ಮುಚ್ಚಿರುತ್ತದೆ, ಇದು ಬಹಳ ಸಾಮಾನ್ಯ. ಆದ್ದರಿಂದ ಪ್ರಿಂಟ್ ಕಳಿಸಬೇಕಾದ ಯಂತ್ರದಿಂದಲೇ ಎನ್‌ಸಿ (ಪೋರ್ಟ್‌ಗೆ ಸಂಪರ್ಕ ಮಾಡುವ ಕಮಾಂಡ್) ಹಾಕಿ, ಪ್ರಿಂಟ್ ಕಳಿಸುವ ಮೂರು ವಿಧಾನಗಳ ಪೋರ್ಟ್ ನೋಡುತ್ತೇನೆ: ಐಪಿಪಿಗೆ 631, ಎಲ್‌ಪಿಡಿಗೆ 515, ನೇರ ಸಾಕೆಟ್‌ಗೆ 9100. ನನ್ನ ಲ್ಯಾಪ್‌ಟಾಪ್‌ನಿಂದ ನೋಡಿ ಸುಮ್ನೆ "ಸರಿ ಇದೆ" ಅಂದುಬಿಟ್ಟರೆ ಪ್ರಯೋಜನ ಇಲ್ಲ. ನಡುವೆ ಇರುವ ಫೈರ್‌ವಾಲ್ ಸರ್ವರ್‌ಗೆ ಬೇರೆ ನಿಯಮ ಇಟ್ಟಿರಬಹುದು.

ಮೂರೂ ತೆರೆದಿದ್ದರೆ ಯಾವುದು? ನಾನು ಕಣ್ಣು ಮುಚ್ಚಿ ಐಪಿಪಿ ಅನ್ನುತ್ತೇನೆ. 9100 ಬರೀ ಒಂದು ಟಿಸಿಪಿ ಸಂಪರ್ಕ. ಆ ಕಡೆಯಿಂದ ಡೇಟಾ ತುಂಬಿಸುತ್ತೀರಿ, ಪ್ರಿಂಟರ್ ನುಂಗುತ್ತದೆ, ಅಷ್ಟೇ. ಎಲ್‌ಪಿಡಿ ಇನ್ನೂ ಹಳೆಯದು. ಅದನ್ನು ವಿವರಿಸುವ ಇಂಟರ್‌ನೆಟ್ ದಾಖಲೆ ಆರ್‌ಎಫ್‌ಸಿ 1179 ಬಂದದ್ದು 1990ರಲ್ಲಿ. ಪೇಪರ್ ಖಾಲಿಯಾಯಿತಾ, ಮುಚ್ಚಳ ತೆರೆದಿದೆಯಾ ಅನ್ನುವುದನ್ನು ನೆಟ್ಟಗೆ ತಿಳಿಸುವ ವ್ಯವಸ್ಥೆ ಅದರಲ್ಲಿಲ್ಲ. ಐಪಿಪಿಯಲ್ಲಿ ಪ್ರಿಂಟರ್ ವಾಪಸ್ ಮಾತಾಡುತ್ತದೆ. ಯಾವ ಸೈಜಿನ ಪೇಪರ್ ಗೊತ್ತು, ಎರಡೂ ಕಡೆ ಪ್ರಿಂಟ್ ಆಗುತ್ತದಾ, ಈಗ ಯಾಕೆ ನಿಂತಿದ್ದೇನೆ, ಎಲ್ಲವನ್ನೂ ಹೇಳುತ್ತದೆ. ಐಪಿಪಿಟೂಲ್ ಎನ್ನುವ ಕಮಾಂಡಿನಿಂದ ಇದನ್ನು ನಾವೇ ಕೇಳಿ ನೋಡಬಹುದು. ಉತ್ತರದಲ್ಲಿ ಪ್ರಿಂಟರ್-ಸ್ಟೇಟ್-ರೀಸನ್ಸ್ ಅಂತ ಒಂದು ಸಾಲು ಬರುತ್ತದೆ. ಅಲ್ಲಿ ಮೀಡಿಯಾ-ನೀಡೆಡ್ ಅಂತಲೋ ಕವರ್-ಓಪನ್ ಅಂತಲೋ ಇದ್ದರೆ ಎದ್ದು ಹೋಗದೆಯೇ ಉತ್ತರ ಸಿಕ್ಕಂತೆ.

ಕ್ಯೂ ಮಾಡಲು ಎಲ್‌ಪಿಅಡ್ಮಿನ್ ಕಮಾಂಡ್ ಬಳಸುತ್ತೇನೆ. ಬ್ರೌಸರ್‌ನಲ್ಲಿ 631ನೇ ಪೋರ್ಟ್ ತೆರೆದು ಕ್ಲಿಕ್ ಮಾಡುತ್ತಾ ಹೋಗಬಹುದು, ಆದರೆ ಕಮಾಂಡ್ ಆದರೆ ಒಂದು ಫೈಲಿನಲ್ಲಿ ಬರೆದಿಟ್ಟು ನಾಳೆ ಇನ್ನೊಂದು ಯಂತ್ರದಲ್ಲೂ ಓಡಿಸಬಹುದು. ಮೈನಸ್ ಪಿ ಕೊಟ್ಟು ಕ್ಯೂ ಹೆಸರು, ಮೈನಸ್ ವಿ ಕೊಟ್ಟು ಪ್ರಿಂಟರ್‌ನ ವಿಳಾಸ, ಮೈನಸ್ ಎಂ ಕೊಟ್ಟು ಎವರಿವೇರ್ ಅನ್ನುವ ಪದ. ವಿಳಾಸ ಐಪಿಪಿ ಅಂತ ಶುರುವಾಗಿ, ನಡುವೆ ಪ್ರಿಂಟರ್ ಹೆಸರು ಬಂದು, ಹೊಸ ಪ್ರಿಂಟರ್‌ಗಳಲ್ಲಿ ಐಪಿಪಿ, ಓರೆಗೆರೆ, ಪ್ರಿಂಟ್ ಎಂದು ಮುಗಿಯುತ್ತದೆ. ಎವರಿವೇರ್ ಅಂದರೆ ಕಪ್ಸ್ ಪ್ರಿಂಟರನ್ನೇ ಕೇಳಿ ವಿವರ ತುಂಬಿಕೊಳ್ಳುತ್ತದೆ. ಬೇರೆ ಡ್ರೈವರ್ ಬೇಡ. ಕಮಾಂಡ್ ಓಡುವಾಗ ಪ್ರಿಂಟರ್ ಆನ್ ಇರಬೇಕು ಅನ್ನುವುದನ್ನು ಮಾತ್ರ ಮರೆಯಬಾರದು.

ಇನ್ನು ಅದೇ ಕಮಾಂಡಿನಲ್ಲಿ ಬರುವ ಮೈನಸ್ ಇ, ದೊಡ್ಡಕ್ಷರದ್ದು. ಇದಕ್ಕೆ ಎರಡು ಕೆಲಸ. ಮೈನಸ್ ಪಿಗಿಂತ ಮೊದಲು ಬರೆದರೆ ಕಪ್ಸ್ ಸರ್ವರ್ ಜೊತೆಗಿನ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡು ಅಂತ ಅರ್ಥ. ಕ್ಯೂ ಹೆಸರು ಬರೆದ ಮೇಲೆ ಬಂದರೆ ಕ್ಯೂ ಚಾಲೂ ಮಾಡು, ಜಾಬ್ ತೆಗೆದುಕೊಳ್ಳಲು ಬಿಡು ಅಂತ ಅರ್ಥ. ಮೊದಲೇ ಬರೆದುಬಿಟ್ಟರೆ ಕಮಾಂಡ್ ಏನೂ ಗೊಣಗುವುದಿಲ್ಲ, ಕ್ಯೂ ತಯಾರಾಗುತ್ತದೆ, ಜಾಬ್ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಹೊಸಬರು "ಎಲ್ಲ ಸರಿಯಾಗಿ ಮಾಡಿದೆ, ಆದರೂ ಬರ್ತಿಲ್ಲ" ಅಂದಾಗ ನಾನು ಈ ಇ ಎಲ್ಲಿದೆ ಅಂತ ತಪ್ಪದೆ ಕೇಳುತ್ತೇನೆ.

ತೊಂದರೆ ಬಂದಾಗ ಮೊದಲು ಹಾಕುವುದು ಎಲ್‌ಪಿಸ್ಟ್ಯಾಟ್, ಅದಕ್ಕೆ ಮೈನಸ್ ಟಿ. ಒಂದೇ ಸಲಕ್ಕೆ ಎಲ್ಲ ಕ್ಯೂಗಳ ಸ್ಥಿತಿ ಬರುತ್ತದೆ. ಇಲ್ಲಿ ಎರಡು ಬೇರೆ ಬೇರೆ ಬಾಗಿಲುಗಳಿವೆ ಅಂತ ತಿಳಿದಿರಬೇಕು. ರಿಜೆಕ್ಟಿಂಗ್ ಅಂತಿದ್ದರೆ ಕ್ಯೂ ಹೊಸ ಜಾಬ್ ಒಳಗೇ ಬಿಡುತ್ತಿಲ್ಲ, ಅದನ್ನು ತೆರೆಯುವುದು ಕಪ್ಸ್‌ಆಕ್ಸೆಪ್ಟ್. ಡಿಸೇಬಲ್ಡ್ ಅಂತಿದ್ದರೆ ಒಳಗೆ ಬಂದಿದ್ದು ಹೊರಗೆ ಹೋಗುತ್ತಿಲ್ಲ, ಅದನ್ನು ತೆರೆಯುವುದು ಕಪ್ಸ್‌ಎನೇಬಲ್. ಡಿಸೇಬಲ್ಡ್ ಆಗಲು ಹೆಚ್ಚಿನ ಸಲ ಕಾರಣ ಎರರ್ ಪಾಲಿಸಿ, ಅಂದರೆ ಪ್ರಿಂಟ್ ಸೋತಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗ್. ಕಪ್ಸ್‌ನ ಮೂಲ ಸೆಟ್ಟಿಂಗ್ ಸ್ಟಾಪ್-ಪ್ರಿಂಟರ್. ಬ್ಯಾಕೆಂಡ್ ಒಮ್ಮೆ ಸೋತು ವಾಪಸ್ ಬಂದರೆ ಸಾಕು, ಇಡೀ ಕ್ಯೂ ನಿಲ್ಲುತ್ತದೆ, ಯಾರಾದರೂ ಬಂದು ಎಬ್ಬಿಸುವ ತನಕ ಎಲ್ಲರ ಜಾಬ್‌ಗಳೂ ಸಾಲುಗಟ್ಟುತ್ತವೆ. ಹಲವರು ಬಳಸುವ ಪ್ರಿಂಟರ್‌ಗೆ ಇದು ಹೊಂದುವುದಿಲ್ಲ. ನಾನು ಎಲ್ಲ ಕಡೆ ರಿಟ್ರೈ-ಜಾಬ್ ಅಂತ ಬದಲಾಯಿಸುತ್ತೇನೆ. ಆಗ ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಪ್ರಯತ್ನಿಸುತ್ತದೆ.

ಕ್ಯೂ ಸರಿ ಇದ್ದು "ಫಿಲ್ಟರ್ ಫೇಲ್ಡ್" ಅಂತ ಬಂದರೆ ಲಾಗ್ ಓದದೆ ಬೇರೆ ದಾರಿ ಇಲ್ಲ. ಕಪ್ಸ್‌ಸಿಟಿಎಲ್ ಕಮಾಂಡಿನಿಂದ ಡೀಬಗ್ ಲಾಗಿಂಗ್ (ಪ್ರತಿ ಹೆಜ್ಜೆಯನ್ನೂ ವಿವರವಾಗಿ ಬರೆದಿಡುವುದು) ಆನ್ ಮಾಡಿ, ಒಂದೇ ಒಂದು ಪುಟದ ಜಾಬ್ ಕಳಿಸಿ, ಎರರ್ ಲಾಗ್ ಫೈಲ್‌ನಲ್ಲಿ ಆ ಜಾಬ್ ನಂಬರಿನ ಸಾಲುಗಳನ್ನಷ್ಟೇ ಹುಡುಕಿ ತೆಗೆಯುತ್ತೇನೆ. ಕೊನೆಯ ಸಾಲು ನೋಡಿ ನಿಲ್ಲಿಸಬಾರದು. "ಜಾಬ್ ನಿಂತಿದೆ" ಅಂತ ಹೇಳುವ ಸಾಲಿನಲ್ಲಿ ಏನೂ ಇರುವುದಿಲ್ಲ. ಅಲ್ಲಿಂದ ಮೇಲಕ್ಕೆ ಓದುತ್ತಾ ಹೋದರೆ ಯಾವುದೋ ಒಂದು ಫಿಲ್ಟರ್‌ನ ಪೂರ್ತಿ ಪಾತ್, ಅದರ ಪಕ್ಕದಲ್ಲಿ "ಸ್ಟಾಪ್ಡ್ ವಿತ್ ಸ್ಟೇಟಸ್" ಅಂತಲೋ "ಕ್ರ್ಯಾಶ್ಡ್ ಆನ್ ಸಿಗ್ನಲ್ 11" ಅಂತಲೋ ಸಿಗುತ್ತದೆ. ಅದಕ್ಕೂ ಮೇಲಿನ ಎರಡು ಮೂರು ಸಾಲುಗಳಲ್ಲಿ ನಿಜವಾದ ಕಾರಣ. ನನಗೆ ಜಾಸ್ತಿ ಸಿಕ್ಕಿರುವುದು ಒಂದೇ ಬಗೆಯದು: ಪ್ರಿಂಟರ್ ಕಂಪನಿ ಕೊಟ್ಟ ಹಳೆಯ ಡ್ರೈವರ್‌ನಲ್ಲಿ 32 ಬಿಟ್ ಫಿಲ್ಟರ್ ಇರುತ್ತದೆ, ಸಿಸ್ಟಮ್ 64 ಬಿಟ್, ಅದಕ್ಕೆ ಬೇಕಾದ ಲೈಬ್ರರಿ ಅಲ್ಲಿ ಇರುವುದೇ ಇಲ್ಲ. ಕೆಲಸ ಮುಗಿದ ಮೇಲೆ ಡೀಬಗ್ ಆಫ್ ಮಾಡಬೇಕು. ಮೂಲ ಸೆಟ್ಟಿಂಗ್‌ನಲ್ಲಿ ಲಾಗ್ ಫೈಲ್ 1 ಎಂಬಿ ಆದ ಕೂಡಲೇ ಅದನ್ನು ಸರಿಸಿ ಹೊಸ ಫೈಲ್ ಶುರುವಾಗುತ್ತದೆ. ಡೀಬಗ್ ಆನ್ ಇದ್ದರೆ ಬೇಗ ತುಂಬಿ ಬೇಕಾದ ಹಳೆಯ ಸಾಲುಗಳೂ ಹೋಗಿಬಿಡುತ್ತವೆ.

ಅತಿ ಕಷ್ಟದ್ದು ಇನ್ನೊಂದಿದೆ. ಜಾಬ್ "ಕಂಪ್ಲೀಟೆಡ್" ಅನ್ನುತ್ತದೆ, ಹಾಳೆ ಬರುವುದಿಲ್ಲ. 9100ರ ಕ್ಯೂಗಳಲ್ಲಿ ಕಂಪ್ಲೀಟೆಡ್ ಅಂದರೆ ಡೇಟಾ ಪ್ರಿಂಟರ್‌ಗೆ ಹೋಯಿತು ಅಂತ ಮಾತ್ರ. ಕಾಗದದ ಮೇಲೆ ಬಂತು ಅಂತಲ್ಲ. ಒಂದು ಕಡೆ ಹೀಗೇ ಆಗುತ್ತಿತ್ತು. ಕೆಲವು ಜಾಬ್ ಬರುತ್ತವೆ, ಕೆಲವು ಬರುವುದಿಲ್ಲ. ನಾನು ಪ್ರಿಂಟರ್ ಮುಂದೆ ನಿಂತು ಬಾರದ ಫೈಲನ್ನೇ ಮತ್ತೆ ಕಳಿಸಲು ಹೇಳಿದೆ. ಪುಟ್ಟ ಸ್ಕ್ರೀನ್ ಮೇಲೆ ಲೆಟರ್ ಪೇಪರ್ ಹಾಕಿ ಅಂತ ಬಂತು. ಟ್ರೇಯಲ್ಲಿ ಇದ್ದದ್ದು ಎ4. ಎ4 ಅಂದರೆ 210 ಗುಣಿಸು 297 ಮಿಲಿಮೀಟರ್, ಲೆಟರ್ ಅಂದರೆ 216 ಗುಣಿಸು 279. ಕಣ್ಣಿಗೆ ಒಂದೇ ತರ ಕಂಡರೂ ಪ್ರಿಂಟರ್ ಲೆಟರ್‌ಗಾಗಿ ಕಾಯುತ್ತಾ ಕೂತಿತ್ತು. ಯಾರೋ ಬೇಸತ್ತು ಕ್ಯಾನ್ಸಲ್ ಒತ್ತುತ್ತಿದ್ದರು, ಮುಂದಿನ ಎ4 ಜಾಬ್ ಸಲೀಸಾಗಿ ಬರುತ್ತಿತ್ತು. ಕ್ಯೂನ ಪೇಜ್‌ಸೈಜ್ ಅನ್ನು ಎ4 ಅಂತ ನಿಲ್ಲಿಸಿ, ಆ ಪ್ರೋಗ್ರಾಮಿನ ಒಳಗಿನ ಪುಟದ ಸೈಜನ್ನೂ ಬದಲಾಯಿಸಿದ ಮೇಲೆ ದೂರು ನಿಂತಿತು. ಅದೇ ಕ್ಯೂ ಐಪಿಪಿಯಲ್ಲಿ ಇದ್ದಿದ್ದರೆ ಪ್ರಿಂಟರ್ ಪೇಪರ್‌ಗಾಗಿ ಕಾಯುತ್ತಿದೆ ಅಂತ ಎಲ್‌ಪಿಸ್ಟ್ಯಾಟ್‌ನಲ್ಲೇ ಕಾಣುತ್ತಿತ್ತು ಅಲ್ವಾ?

ಕಪ್ಸ್ ಮೇಲೆ ಅನುಮಾನ ಬಂದಾಗ ಅದನ್ನು ಪೂರ್ತಿ ಬದಿಗಿಟ್ಟು ನೋಡಲು ಒಂದು ಸುಲಭ ಉಪಾಯ ಇದೆ. ಪ್ರಿಂಟ್‌ಎಫ್ ಕಮಾಂಡಿನಿಂದ ಒಂದು ಸಾಲು ಬರೆದು ಎನ್‌ಸಿ ಮೂಲಕ ನೇರ 9100ಕ್ಕೆ ಕಳಿಸುವುದು. ಸಾಲಿನ ಕೊನೆಯಲ್ಲಿ ಫಾರ್ಮ್ ಫೀಡ್ (ಪುಟ ಮುಗಿಯಿತು ಅನ್ನುವ ಗುರುತು) ಇರಬೇಕು. ಇಲ್ಲದಿದ್ದರೆ ಪ್ರಿಂಟರ್ ಪುಟ ಇನ್ನೂ ತುಂಬಿಲ್ಲ ಅಂತ ಹಾಳೆಯನ್ನು ಹಿಡಿದುಕೊಂಡಿರುತ್ತದೆ. ಹಲವು ಸಾಲು ಕಳಿಸಿದರೆ ಅವು ಮೆಟ್ಟಿಲಿನ ಹಾಗೆ ಬಲಕ್ಕೆ ಜಾರುತ್ತಾ ಬರಬಹುದು. ಯೂನಿಕ್ಸ್ ಸಾಲು ಮುರಿಯಲು ಲೈನ್ ಫೀಡ್ ಒಂದನ್ನೇ ಕಳಿಸುತ್ತದೆ, ಎಡಕ್ಕೆ ವಾಪಸ್ ಬರಲು ಪ್ರಿಂಟರ್‌ಗೆ ಕ್ಯಾರೇಜ್ ರಿಟರ್ನ್ ಕೂಡ ಬೇಕು. ಹಾಳೆ ಬಂತು ಅಂದರೆ ನೆಟ್‌ವರ್ಕ್ ಮತ್ತು ಪ್ರಿಂಟರ್ ಎರಡೂ ಲೆಕ್ಕದಿಂದ ಹೊರಗೆ. ಪೋಸ್ಟ್‌ಸ್ಕ್ರಿಪ್ಟ್ ಮಾತ್ರ ಬಲ್ಲ ಪ್ರಿಂಟರ್‌ಗಳು ಸಾದಾ ಅಕ್ಷರ ಪ್ರಿಂಟ್ ಮಾಡುವುದಿಲ್ಲ, ಅಲ್ಲಿ ಈ ಪರೀಕ್ಷೆ ನಂಬಬೇಡಿ.

ಒಬ್ಬರಿಗೆ ಮಾತ್ರ ಪ್ರಿಂಟ್ ಬೇರೆ ಪ್ರಿಂಟರ್‌ಗೆ ಹೋಗುತ್ತಿದ್ದರೆ ಅವರ ಹೋಮ್ ಫೋಲ್ಡರ್‌ನಲ್ಲಿ ಕಪ್ಸ್‌ನ ಎಲ್‌ಪಿಆಪ್ಷನ್ಸ್ ಫೈಲ್ ನೋಡಿ. ಅವರೇ ಎಂದೋ ಆರಿಸಿಕೊಂಡ ಡೀಫಾಲ್ಟ್ ಅಲ್ಲಿ ಉಳಿದಿರುತ್ತದೆ, ಸರ್ವರ್‌ನ ಡೀಫಾಲ್ಟ್‌ಗಿಂತ ಅದೇ ಮೇಲು.

ತಾನೇ ಪ್ರಿಂಟರ್ ಹುಡುಕಿಕೊಳ್ಳುವ ಸೌಲಭ್ಯದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ. ಅದು ನಡೆಯುವುದು ಎಂಡಿಎನ್‌ಎಸ್ (ಒಂದೇ ನೆಟ್‌ವರ್ಕಿನೊಳಗೆ ಹೆಸರು ಹುಡುಕುವ ಪ್ರೋಟೋಕಾಲ್) ಮೇಲೆ, ಯುಡಿಪಿ 5353 ಪೋರ್ಟ್‌ನಲ್ಲಿ. ಆ ಪ್ಯಾಕೆಟ್‌ಗಳು ರೌಟರ್ ದಾಟುವುದಿಲ್ಲ. ಪ್ರಿಂಟರನ್ನು ಬೇರೆ ವಿಲ್ಯಾನ್‌ಗೆ (ನೆಟ್‌ವರ್ಕಿನ ಬೇರ್ಪಡಿಸಿದ ಭಾಗಕ್ಕೆ) ಹಾಕಿದ ದಿನ ಅದು ಪಟ್ಟಿಯಿಂದ ಮಾಯ. ಲ್ಯಾಪ್‌ಟಾಪ್‌ಗಳಿಗೆ ಇದು ಚೆನ್ನ, ಸರ್ವರ್‌ಗಳಲ್ಲಿ ನಾನು ವಿಳಾಸವನ್ನು ಕೈಯಾರೆ ಬರೆಯುತ್ತೇನೆ. ಪ್ರಿಂಟರ್ ಹುಡುಕಿ ತಾನೇ ಸೇರಿಸುವ ಕಪ್ಸ್-ಬ್ರೌಸ್ಡ್ ಸೇವೆಯನ್ನೂ ಆಫ್ ಮಾಡಿಡುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಅದರಲ್ಲಿ ಗಂಭೀರ ಭದ್ರತಾ ದೋಷಗಳು ಬಯಲಾದವು. ಯುಡಿಪಿ 631ಕ್ಕೆ ಯಾರು ಬೇಕಾದರೂ ಪ್ಯಾಕೆಟ್ ಕಳಿಸಿ ನಕಲಿ ಪ್ರಿಂಟರ್ ಸೇರಿಸಲು ಆಗುತ್ತಿತ್ತು. 631 ಯಾವ ಕಾರಣಕ್ಕೂ ಇಂಟರ್‌ನೆಟ್‌ಗೆ ತೆರೆದಿರಬಾರದು.

ಈಗ ನನ್ನ ಕೈಲಿರುವ ಕೆಲಸ ಹಳೆಯ ಕ್ಯೂಗಳನ್ನು ಒಂದೊಂದಾಗಿ ಎವರಿವೇರ್‌ಗೆ ತರುವುದು. ಪಿಪಿಡಿ ಫೈಲ್ (ಪ್ರಿಂಟರ್‌ನ ಸೌಲಭ್ಯಗಳನ್ನು ವಿವರಿಸುವ ಫೈಲ್) ಆಧಾರದ ಡ್ರೈವರ್‌ಗಳನ್ನು ಕಪ್ಸ್ ಕೈಬಿಡುವ ಹಾದಿಯಲ್ಲಿದೆ. ಐಪಿಪಿ ಬಲ್ಲ ಪ್ರಿಂಟರ್‌ಗಳು ಸುಲಭ: ಹೊಸ ಕ್ಯೂ ಬೇರೆ ಹೆಸರಲ್ಲಿ ಮಾಡಿ, ಎರಡೂ ಕಡೆ ಪ್ರಿಂಟ್, ಬಣ್ಣ, ಟ್ರೇ ಎಲ್ಲ ನೋಡಿ, ಆಮೇಲೆ ಹಳೆಯದನ್ನು ತೆಗೆಯುತ್ತೇನೆ. 9100 ಬಿಟ್ಟು ಬೇರೇನೂ ಗೊತ್ತಿಲ್ಲದ ಹಳೆಯ ಯಂತ್ರಗಳಿಗೆ ಪ್ರಿಂಟರ್ ಅಪ್ಲಿಕೇಶನ್ ಅನ್ನುವ ಹೊಸ ಬಗೆಯ ಪ್ರೋಗ್ರಾಂ ಬೇಕಾಗುತ್ತದೆ. ಅದು ನಡುವೆ ನಿಂತು ಕಪ್ಸ್‌ಗೆ ಐಪಿಪಿ ಪ್ರಿಂಟರ್ ತರ ಕಾಣಿಸಿಕೊಂಡು, ಆ ಕಡೆ ಹಳೆಯ ಪ್ರಿಂಟರ್‌ಗೆ ಅದರದೇ ಭಾಷೆಯಲ್ಲಿ ಕಳಿಸುತ್ತದೆ. ಅಂಥ ಪ್ರಿಂಟರ್‌ಗಳ ಕ್ಯೂಗಳನ್ನು ಸದ್ಯಕ್ಕೆ ಮುಟ್ಟದೆ, ಅವುಗಳ ಪಿಪಿಡಿ ಮತ್ತು ಎಲ್‌ಪಿಅಡ್ಮಿನ್ ಸಾಲುಗಳನ್ನು ಒಂದು ಕಡೆ ಎತ್ತಿಟ್ಟಿದ್ದೇನೆ.