ಬಟವಾಡೆಯ ಮರುದಿನದ ಸಭೆ

ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಜನ ಬರುವುದಿಲ್ಲ ಎಂದು ಸುತ್ತಲಿನ ಶಾಲೆಗಳ ಕ್ಲಸ್ಟರ್ ಮೀಟಿಂಗಿನಲ್ಲಿ ಗೋಳಾಡುವ ಮುಖ್ಯ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತೋಟದ ಕೂಲಿಯವರ ಸಾಲುಮನೆಗೇ, ಅಂದರೆ ಲೈನ್‌ಮನೆಗೇ, ಹೋಗಿ ಸಭೆ ಮಾಡುತ್ತೇನೆ ಎಂದದ್ದನ್ನು ಕೇಳಿ ಮೂರು ವರ್ಷದ ಹಿಂದೆ ನಕ್ಕವರೂ ಇವರೇ. "ಲೈನ್‌ಮನೆಗೆ ಹೋಗಿ ಸಭೆ ಮಾಡ್ತೀರಾ ಮೇಷ್ಟ್ರೇ? ಸಂಘ ಕಟ್ಟೋಕೆ ಬಂದ ಅಂತ ಸಾಹುಕಾರ್ರು ಗೇಟಲ್ಲೇ ನಿಲ್ಲಿಸ್ತಾರೆ" ಎಂದಿದ್ದ ಹಿರಿಯರೊಬ್ಬರು ಈಚೆಗೆ ಫೋನ್ ಮಾಡಿ, ಹೇಗೆ ಮಾಡಿದಿರಿ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆಯ ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳು ನಲವತ್ತೈದರ ಆಸುಪಾಸು, ಕಾಫಿ ಕುಯ್ಲಿಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಸೇರಿದರೆ ಐವತ್ತು ದಾಟುತ್ತದೆ. ಹೆಚ್ಚಿನವರು ಲೈನ್‌ಮನೆಯವರು. ಎರವರು, ಒಂದಷ್ಟು ಜೇನುಕುರುಬರು (ಎರಡೂ ಇಲ್ಲಿನ ಬುಡಕಟ್ಟಿನವರು), ತಮಿಳು ಮಲಯಾಳಂ ಮಾತಾಡುವವರು. 2001ರಲ್ಲಿ ಗ್ರಾಮ ಶಿಕ್ಷಣ ಸಮಿತಿ ಹೋಗಿ ಎಸ್‌ಡಿಎಂಸಿ ಬಂದಾಗ ನಾನಿನ್ನೂ ಹೊಸ ಮೇಷ್ಟ್ರು. ಆಗ ಆರಿಸಬೇಕಾದ ಪೋಷಕರು 9, ಈಗ 18. ಮೂವತ್ತು ಚಿಲ್ಲರೆ ಮನೆಗಳಿಂದ ಮಕ್ಕಳು ಬರುವ ಶಾಲೆಯಲ್ಲಿ 18 ಜನ ಅಂದರೆ ಅರ್ಧಕ್ಕೂ ಹೆಚ್ಚು ಮನೆ ಸಮಿತಿಯಲ್ಲೇ ಇದೆ ಎಂದಾಯಿತು. ಎಲ್ಲಿಂದ ತರೋದು ಇಷ್ಟು ಜನಾನ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ನನಗೆ ಅದೇ ಬಂಡವಾಳವಾಯಿತು.

ಮೊದಲು ಸೋತ ದಾರಿಗಳು. ಹನ್ನೊಂದು ಗಂಟೆಗೆ ಶಾಲೆಯಲ್ಲಿ ಸಭೆ ಎಂದು ನೋಟಿಸು ಕೊಟ್ಟರೆ ಬರುವ ತಾಯಿಗೆ ಒಂದು ದಿನದ ಕೂಲಿ, ನಾನೂರು ರೂಪಾಯಿಯಷ್ಟು, ಕೈತಪ್ಪುತ್ತದೆ. ಯಾಕೆ ಬರುತ್ತಾಳೆ? ರಿಜಿಸ್ಟರ್ ಮನೆಮನೆ ಸುತ್ತಿ ಸಹಿ, ಹೆಬ್ಬೆಟ್ಟು ಹೊತ್ತು ವಾಪಸ್ ಬರುವ ಪದ್ಧತಿ ನಿಮಗೆ ಗೊತ್ತಿಲ್ಲದ್ದಲ್ಲ. ಬೋಂಡ, ಟೀ ಇಟ್ಟು ನೋಡಿದೆ. ಸಲಕ್ಕೆ ಆರುನೂರರಂತೆ ನನ್ನ ಜೇಬು ಹರಿಯಿತೇ ಹೊರತು ಬಂದವರು ಯಾವಾಗಲೂ ಬರುವ ಆ ಐದಾರು ಜನವೇ. ವಾಟ್ಸಾಪ್ ಗುಂಪು ಮಾಡಿದೆ. ಬರೆದದ್ದನ್ನು ಯಾರೂ ಓದಲಿಲ್ಲ. ಮಾತಾಡಿ ಕಳಿಸಿದರೆ ಕೇಳುತ್ತಿದ್ದರು, ಆದರೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಶನಿವಾರ ಸಂಜೆ ಕೂಲಿ ಬಟವಾಡೆಗೆ ಎಲ್ಲರೂ ಸಾಲು ನಿಂತಿರುತ್ತಾರಲ್ಲ, ಅಲ್ಲೇ ಹಿಡಿಯೋಣ ಎಂದುಕೊಂಡೆ. ದುಡ್ಡು ಕೈಗೆ ಬರುವ ಹೊತ್ತಿನಲ್ಲಿ ಶಾಲೆಯ ಮಾತು ಯಾರಿಗೆ ಬೇಕು! ಗಂಡಸರು ಎಣಿಸಿಕೊಂಡು ನೇರ ಅಂಗಡಿ ದಾರಿ ಹಿಡಿದರು.

ಕೊನೆಗೆ ಹತ್ತಿದ್ದು ಭಾನುವಾರ ಬೆಳಿಗ್ಗೆ. ಸಿದ್ದಾಪುರದ ಸಂತೆ ಅಂದೇ. ಹತ್ತು ಗಂಟೆಯ ಮೇಲೆ ಲೈನಿನಲ್ಲಿ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ, ಎಂಟಕ್ಕೆ ಮಾತ್ರ ಎಲ್ಲರೂ ಇರುತ್ತಾರೆ. ಹೆಂಗಸರು ನಲ್ಲಿಯ ಹತ್ತಿರ, ಗಂಡಸರು ಜಗಲಿಯಲ್ಲಿ. ನಾನು ಎಂಟಕ್ಕೆ ಹೋಗುತ್ತೇನೆ, ಎಂಟೂಮುಕ್ಕಾಲಿಗೆ ಎದ್ದುಬಿಡುತ್ತೇನೆ. ಮಾತು ಎಷ್ಟೇ ಬಿಸಿಯಾಗಿರಲಿ, ಸಂತೆಗೆ ತಡ ಮಾಡಿಸಿದರೆ ಮುಂದಿನ ತಿಂಗಳು ಒಬ್ಬರೂ ಸಿಗುವುದಿಲ್ಲ. ಮೊದಲ ಸಲ ಏಳು ಜನ, ಅದರಲ್ಲಿ ಇಬ್ಬರು ಸದಸ್ಯರೇ ಅಲ್ಲ. ನಾಲ್ಕನೆಯ ತಿಂಗಳಿಗೆ ಹದಿನಾಲ್ಕರ ಹತ್ತಿರ ಬಂತು. ಈಗ ಸದಸ್ಯರಲ್ಲದವರೇ ಹೆಚ್ಚು.

ಮಾರನೆಯ ಸೋಮವಾರ ಶಾಲೆಯಲ್ಲಿ ಔಪಚಾರಿಕ ಸಭೆ, ನಡಾವಳಿ, ಸಹಿ. ಕೂಲಿ ತಪ್ಪದಂತೆ ಅದನ್ನು ಎಷ್ಟು ಹೊತ್ತಿಗೆ, ಹೇಗೆ ಮುಗಿಸುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ಅಧ್ಯಕ್ಷರ ವಿಷಯವೂ ಹಾಗೇ. ಹಿಂದೆಲ್ಲ ತೋಟದ ರೈಟರೇ ಅಧ್ಯಕ್ಷ. ಹಾಜರಿ ಬರೆಯುವವನ ಎದುರು ಯಾರು ಬಾಯಿ ಬಿಡುತ್ತಾರೆ? ಈಗ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ, ಕಾಫಿ ಕುಯ್ಯುವ ಎರವರ ಹೆಂಗಸು. ರೈಟರ್ ಮನಸ್ಸು ನೋಯದ ಹಾಗೆ ಅವರನ್ನು ಹೇಗೆ ಇಳಿಸಿದೆ ಎಂದು ಬರೆದರೆ ನಾಳೆ ಅವರೂ ಓದುತ್ತಾರೆ.

ಇನ್ನು ಲೆಕ್ಕ. ಮೂವತ್ತು ದಾಟಿ ನೂರರೊಳಗೆ ಮಕ್ಕಳಿದ್ದರೆ ಶಾಲಾ ಅನುದಾನ 25 ಸಾವಿರ, ಅದರಲ್ಲಿ ಹತ್ತನೇ ಒಂದು ಪಾಲು ಸ್ವಚ್ಛತೆಗೆ. ಇದನ್ನು 'ನಿರ್ವಹಣೆ', 'ಸಾದಿಲ್ವಾರು' ಎಂದು ಓದಿದರೆ ಎಲ್ಲರೂ ತಲೆಯಾಡಿಸುತ್ತಾರೆ. ನಾನು ಕಣ್ಣಿಗೆ ಕಾಣುವ ಸಾಮಾನಿನಲ್ಲಿ ಓದತೊಡಗಿದೆ: ಹೆಂಚು ಇಷ್ಟು, ಫಿನಾಯಿಲ್ ಕ್ಯಾನ್ ಇಷ್ಟು, ಬಕೆಟ್ ಎರಡು, ಬಿಸಿಯೂಟಕ್ಕೆ ಸಿಲಿಂಡರ್ ಇಷ್ಟು. ಎರಡನೇ ಸಭೆಯಲ್ಲೇ ಒಬ್ಬಾಕೆ ಎದ್ದಳು. "ಸಾರ್, ಸಿಲಿಂಡರ್ ಎರಡು ಅಂತೀರಿ. ರೋಡಿಂದ ಹೊತ್ತು ತಂದಿದ್ದು ನನ್ನ ಗಂಡ. ಅವರು ಒಂದೇ ಸಲ ಹೊತ್ತಿದ್ದು." ಇನ್ನೊಂದು ಆಟೋದಲ್ಲಿ ಬಂದಿತ್ತು, ರಸೀದಿ ತೋರಿಸಿದೆ. ಆಗ ಮುಖ ಕೆಂಪಗಾದದ್ದು ನಿಜ, ಆದರೆ ಮನೆಗೆ ಬರುವ ದಾರಿಯಲ್ಲಿ ಗೆದ್ದೆ ಎನ್ನಿಸಿತು. ಮೇಲುಸ್ತುವಾರಿ ಎಂದು ಸಮಿತಿಯ ಹೆಸರಿನಲ್ಲೇ ಇದೆ, ಇಷ್ಟು ವರ್ಷದಲ್ಲಿ ಒಬ್ಬರೂ ಮಾಡಿರಲಿಲ್ಲ.

ಹೆಂಚಿನ ಲೆಕ್ಕದಿಂದ ಇನ್ನೊಂದು ಲಾಭ. ಆರೇಳು ಸಾವಿರ ತೆಗೆದಿಟ್ಟಿದ್ದೆ. "ನಮ್ಮ ತೋಟದ ಹಳೇ ಗೋದಾಮು ಬಿಚ್ಚಿ ಹೆಂಚು ರಾಶಿ ಹಾಕಿದ್ದಾರೆ, ಕೇಳಿದ್ರೆ ಕೊಡ್ತಾರೆ ಸಾರ್" ಎಂದ ಒಬ್ಬ. ಕೇಳಿದೆವು, ಕೊಟ್ಟರು. ಖರ್ಚಾದದ್ದು ಜೀಪಿನ ಬಾಡಿಗೆ ಎಂಟುನೂರು. ಉಳಿದ ದುಡ್ಡು ಚಿಕ್ಕ ತರಗತಿಯವರು ಆಡುತ್ತಾ ಕಲಿಯುವ ನಲಿಕಲಿ ಕೊಠಡಿಯ ನೆಲಕ್ಕೆ ಹೋಯಿತು.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಕುಯ್ಲಿನ ಕಾಲದ ಹಾಜರಿ. ಜನವರಿಯಲ್ಲಿ ರೊಬಸ್ಟಾ ಹಣ್ಣಾದ ಮೇಲೆ ಅರ್ಧ ಶಾಲೆ ಖಾಲಿ. ಬಾಲಕಾರ್ಮಿಕ, ಕಾಯ್ದೆ ಅಂತೆಲ್ಲ ಭಾಷಣ ಬಿಗಿದಿದ್ದು ಆಯಿತು. ಸಭೆಯಲ್ಲಿ ಬಾಯಿ ಬಿಡಿಸಿದಾಗ ತಿಳಿದದ್ದೇ ಬೇರೆ. ದೊಡ್ಡ ಹುಡುಗಿಯರು ತೋಟಕ್ಕೆ ಹೋಗುತ್ತಿದ್ದದ್ದು ಕುಯ್ಯಲು ಅಲ್ಲ, ಗಿಡದ ಬುಡದಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು. ಅಂಗನವಾಡಿ ದೂರ, ದಾರಿಯಲ್ಲಿ ಆನೆ. ಲೈನಿನ ಒಬ್ಬ ಅಜ್ಜಿ ಮಕ್ಕಳನ್ನು ನೋಡಿಕೊಳ್ಳುವುದು, ಬಟವಾಡೆಗೊಮ್ಮೆ ಪ್ರತಿ ಮನೆಯಿಂದ ಮೂವತ್ತು ರೂಪಾಯಿ ಎತ್ತಿ ಅವರಿಗೆ ಕೊಡುವುದು ಎಂದು ಅವರೇ ತೀರ್ಮಾನಿಸಿದರು. ಶಾಲೆಯ ದುಡ್ಡು ಮುಟ್ಟಲಿಲ್ಲ, ಆಡಿಟ್ ತಾಪತ್ರಯವಿಲ್ಲ. ಹೋದ ಫೆಬ್ರವರಿಯಲ್ಲಿ ದಿನಕ್ಕೆ ತಪ್ಪಿಸಿದವರು ಐದಾರು ಮಂದಿ. ನಮ್ಮ ಕ್ಲಸ್ಟರಿನಲ್ಲಿ ಬೇರೆ ಯಾರಾದರೂ ಈ ಲೆಕ್ಕ ತೋರಿಸಲಿ ನೋಡೋಣ.

ಒಂದು ಅಡ್ಡ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಶಾಲೆಯ ಅಂಗಳದ ಸಿಲ್ವರ್ ಓಕ್ ಮರಗಳಿಗೆ ಹಿಂದಿನ ಯಾರೋ ಪುಣ್ಯಾತ್ಮರು ಮೆಣಸಿನ ಬಳ್ಳಿ ಹಬ್ಬಿಸಿದ್ದರು. ಪ್ರತಿ ವರ್ಷ ಫಸಲು ಬಳ್ಳಿಯ ಮೇಲೇ ಯಾರಿಗೋ ಎರಡು ಮೂರು ಸಾವಿರಕ್ಕೆ ಹೋಗುತ್ತಿತ್ತು. ಸಮಿತಿಯವರು ನಾವೇ ಕುಯ್ಯುತ್ತೇವೆ ಎಂದರು. ಒಣಗಿಸಿ ತೂಗಿದರೆ ಮೂವತ್ತು ಕಿಲೋ ಚಿಲ್ಲರೆ, ಕಿಲೋಗೆ ಆರುನೂರರ ಮೇಲೆ ಸಿಕ್ಕಿತು. ಹತ್ತೊಂಬತ್ತೋ ಇಪ್ಪತ್ತೋ ಸಾವಿರ, ಅಂದರೆ ಹೆಚ್ಚುಕಡಿಮೆ ಸರ್ಕಾರದ ಇನ್ನೊಂದು ಅನುದಾನ. ಎಸ್‌ಡಿಎಂಸಿ ಖಾತೆಗೆ ಜಮಾ ಮಾಡಿ ರಸೀದಿಯನ್ನು ಗೋಡೆಗೆ ಅಂಟಿಸಿದೆವು. ಮುಂದಿನ ಮಳೆಗೆ ಸೊರಗು ರೋಗ ಬಂದು ಮೂರು ಬಳ್ಳಿ ಹೋದವು. ಈಗ ಮುಂಗಾರಿಗೆ ಮುಂಚೆಯೇ ಒಬ್ಬ ಸದಸ್ಯ ಬೋರ್ಡೋ ದ್ರಾವಣ ಹೊಡೆಯುತ್ತಾನೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬುಡಕ್ಕೆ ಇನ್ನೊಂದು ಹಾಕುತ್ತಾನೆ, ಏನು ಎಂದು ನನಗೂ ಹೇಳಿಲ್ಲ.

ಎಲ್ಲವೂ ಗೆದ್ದಿಲ್ಲ. ಅಸ್ಸಾಂ ಪೋಷಕರನ್ನು ಸಭೆಗೆ ಕೂರಿಸುತ್ತೇನೆ, ಆದರೆ ಚುನಾವಣೆ ನಡೆಯುವಾಗ ಅವರಿರುವುದಿಲ್ಲ, ಅವರು ಬಂದಾಗ ಸಮಿತಿಯಲ್ಲಿ ಜಾಗವಿಲ್ಲ. ಕಾಂಪೌಂಡಿಗೆ ನರೇಗಾದಲ್ಲಿ ಹಾಕಿ ಎಂದು ಗ್ರಾಮಸಭೆಯಲ್ಲಿ ನಮ್ಮ ಅಧ್ಯಕ್ಷೆಯೇ ಎದ್ದು ಕೇಳಿದಳು. ಪಟ್ಟಿಗೆ ಸೇರಿತು, ಕೆಲಸ ಶುರುವಾಗಿಲ್ಲ.

ಮಾಡಿ ನೋಡುವವರು ಜೂನ್‌ನಲ್ಲಿ ಶುರು ಮಾಡಬೇಡಿ. ಮಳೆಯ ರಜೆ, ಆ ರಜೆ ತುಂಬಿಸಿಕೊಡುವ ಪಾಠ, ಜಿಗಣೆ, ಎಲ್ಲ ಸೇರಿ ಎರಡು ಸಭೆಗೇ ನಿಂತುಹೋಗುತ್ತದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೊದಲ ಭಾನುವಾರ ಒಳ್ಳೆಯದು, ಕುಯ್ಲು ಬಿರುಸಾಗುವ ಮುಂಚೆ ಒಂದೆರಡು ಸಭೆ ಸಿಗುತ್ತದೆ. ತೋಟದ ಸಾಹುಕಾರ್ರನ್ನು ಮಾತ್ರ ಹಿಂದಿನ ವಾರವೇ ಕಂಡು ಬನ್ನಿ, ಕೈಯಲ್ಲಿ ಶಾಲೆಯ ಹಾಜರಿ ಪುಸ್ತಕ ಹಿಡಿದುಕೊಂಡೇ ಹೋಗಿ.